ಚೆನ್ನಾಗಿದೆ, ಆದ್ರೆ

ಕೈ ಇನ್ನೊಂದು ಗೇಣು ಉದ್ದವಿದ್ದಿದ್ದರೆ ಓದಬಹುದಿತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಆ ಗುಲಾಬಿ ಬಣ್ಣದ ಕರಪತ್ರವನ್ನು ಮೊದಲು ಮಡಿಲಲ್ಲಿ, ಆಮೇಲೆ ಮೊಣಕಾಲಿನ ತುದಿಯಲ್ಲಿ, ಕೊನೆಗೆ ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಹಿಡಿದು ನೋಡಿದಳು. ಅಕ್ಷರಗಳು ಇರುವೆಗಳ ಹಾಗೆ ಹರಿದಾಡಿದವೇ ಹೊರತು ಸಾಲಿಗೆ ನಿಲ್ಲಲಿಲ್ಲ. ಮುಂದೆ ಕೂತಿದ್ದ ವಯಸ್ಸಾದವರೊಬ್ಬರು ಕಿವಿಯ ಹತ್ತಿರ ಏನೋ ಪರಪರ ಎಂದಂತಾಗಿ ತಿರುಗಿದರು. ಪರೋಪಕಾರಿ ಮನುಷ್ಯ. ಲೋಕದಲ್ಲಿ ಅರ್ಧ ಜನರ ಮಾನ ಹೋಗುವುದು ಇಂಥವರಿಂದಲೇ. "ಕೊಡಮ್ಮ ಇಲ್ಲಿ, ಚಾಳೀಸು ಬಂದ ಮೇಲೆ ಹೀಗೇ," ಎನ್ನುತ್ತ ಕಾಗದ ಈಸಿಕೊಂಡು, ಕಿವಿ ಮಂದವಿರುವವರ ದೊಡ್ಡ ಗಂಟಲಿನಲ್ಲಿ ಓದಿದರು: "ಎರಡೇ ದಿನದಲ್ಲಿ ಸಂಪೂರ್ಣ ದೇಹದ ಮಸಾಜ್ ಕಲಿಯಿರಿ. ಅನುಭವ ಬೇಕಿಲ್ಲ." ಬಸ್ಸಿನ ಗದ್ದಲ ಅದೇ ಹೊತ್ತಿಗೆ ಸರಿಯಾಗಿ ನಿಂತಿತು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ ಅವಳ ಕೈಗಳನ್ನು ಒಮ್ಮೆ ನೋಡಿದ. "ಅಡ್ರೆಸ್ಸೂ ಓದ್ಲಾ?" ಎಂದರು ಆ ಮಹಾನುಭಾವರು.

ಬೇಡವೆಂದು ಕಾಗದ ಕಸಿದುಕೊಂಡು ಒಂದು ಸ್ಟಾಪ್ ಮೊದಲೇ ಇಳಿದು ಬಿರಬಿರನೆ ನಡೆದಳು. ಮಸಾಜ್ ಎಂದದ್ದಕ್ಕೆ ಅವಳಿಗೆ ನಾಚಿಕೆಯಾಗಿರಲಿಲ್ಲ. ಹೊಟ್ಟೆಪಾಡಿಗೆ ನಾಚಿಕೆ ಎಂಥದು. ಮೈ ಉರಿದದ್ದು ಚಾಳೀಸು ಎಂಬ ಮಾತಿಗೆ. ಆ ಮುದುಕರ ಹುಬ್ಬನ್ನೇ ಕಿತ್ತು ಒಂದು ಪೊರಕೆ ಕಟ್ಟಬಹುದಿತ್ತು, ಅಂಥವರು ಇವಳ ವಯಸ್ಸಿನ ಲೆಕ್ಕ ಹಾಕುವುದೇ? ಕಣ್ಣಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಗಂಡ ಲಿಫ್ಟ್ ರಿಪೇರಿಯವನು, ಲೋಕದ ಎಲ್ಲ ತೊಂದರೆಯೂ ಸ್ವಲ್ಪ ಗ್ರೀಸ್ ಹಚ್ಚಿದರೆ ಹೋಗುತ್ತದೆಂದು ನಂಬಿದವನು. ಪಾರ್ಲರಿನ ಮೇಡಂಗಂತೂ ಹೇಳುವ ಹಾಗೇ ಇಲ್ಲ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳುಗಳಿಗೆ ಸುತ್ತಿ, ಗಿರಾಕಿಯ ಮುಖದ ಮೇಲೆ ಬಗ್ಗಿ ಹುಬ್ಬು ತಿದ್ದುವ ಕೆಲಸ ಅವಳದು. ಹುಬ್ಬೆಂದರೆ ಅವಳೇ ಎಂದು ಸುತ್ತಲಿನ ಬೀದಿಗಳಲ್ಲಿ ಹೆಸರು. ಒಂದು ವರ್ಷದಿಂದ ಆ ಮುಖಗಳು ಹತ್ತಿರ ಬಂದಷ್ಟೂ ಮಸುಕಾಗುತ್ತಿದ್ದವು. ಕೂದಲು ಕಾಣುತ್ತಿರಲಿಲ್ಲ, ಕೂದಲಿರಬೇಕಾದ ಜಾಗ ಮಾತ್ರ ಗೊತ್ತಿತ್ತು. ಅಂದಾಜಿನ ಮೇಲೆ ದಾರ ಓಡಿಸುತ್ತಿದ್ದಳು. ಮೊನ್ನೆ ಒಬ್ಬಳ ಹುಬ್ಬಿನ ಬಾಲ ಪೂರ್ತಿ ಹಾರಿಹೋಗಿ, ಇದು ಈಗಿನ ಹೊಸ ಶೇಪ್ ಎಂದು ನಂಬಿಸಿ ಕಳಿಸಿದ್ದಾಯಿತು. ಹಿಂದೆ ಅವಳಿಗೆ ಕೆಲಸ ಕಲಿಸಿದ, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹೆಂಗಸು ಒಂದು ದಿನ ಕನ್ನಡಕ ಹಾಕಿಕೊಂಡು ಬಂದಿದ್ದಳು. "ಕನ್ನಡಕದವಳ ಕೈಗೆ ಯಾರಕ್ಕಾ ಹುಬ್ಬು ಕೊಡ್ತಾರೆ? ನೀವಿನ್ನು ಮನೇಲಿ ಆರಾಮಾಗಿರಿ," ಎಂದು ಮೇಡಂ ನಗುನಗುತ್ತಲೇ ಕೈಗೊಂದು ಪಿಂಗಾಣಿ ಹೂದಾನಿ ಕೊಟ್ಟು ಸಂಜೆಯೊಳಗೆ ಕಳಿಸಿದ್ದರು.

ಆದ್ದರಿಂದ ಮೇಡಂ ಹಿಂದಿನ ಸಾಮಾನಿನ ಕೋಣೆ ಖಾಲಿ ಮಾಡಿಸಿ, ನೀಲಿ ದೀಪ ಹಾಕಿಸಿ, "ಮಸಾಜ್ ರೂಮ್ ಮಾಡ್ತಿದ್ದೀನಿ. ಈ ವರ್ಷ ಮುಗಿಯೋದರೊಳಗೆ ಒಂದು ಸರ್ಟಿಫಿಕೇಟ್ ತಗೊಂಡು ಬಾ, ರೂಮ್ ನಿನ್ನದೇ. ಎಲ್ಲಿಂದ ತಂದ್ರೂ ಆಯ್ತು, ಗೋಡೆಗೆ ಒಂದು ಫ್ರೇಮ್ ಬೇಕಷ್ಟೆ," ಎಂದಾಗ ಅವಳಿಗೆ ಹೋದ ಜೀವ ಬಂದಂತಾಗಿತ್ತು. ಅರೆಗತ್ತಲೆಯಲ್ಲಿ ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸ. ಸಿಕ್ಕರೆ ಕೈಯಲ್ಲಿ ಬಲವಿರುವ ತನಕ ಅನ್ನ, ಸಿಗದಿದ್ದರೆ ಹೂದಾನಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬಾರದು ಎನ್ನುತ್ತಾರೆ. ಅವಳು ಮುಚ್ಚಿಕೊಂಡ ಕಣ್ಣಿನಲ್ಲೇ ಎಣ್ಣೆ ಹುಡುಕಿಕೊಂಡು ಹೊರಟಿದ್ದಳು.

ದಾರಿಯಲ್ಲೊಬ್ಬ ಹುಡುಗನಿಗೆ ತೋರಿಸಿ ಕೇಳಿಕೊಂಡು ಹೋದರೆ, ಕರಪತ್ರದ ಜಾಗ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆಯಲ್ಲಿ ಕಣ್ಣು ಮುಚ್ಚಿ ಮಲಗಿದ ಹೆಂಗಸರ ಚಿತ್ರಗಳು, ಎಲ್ಲರೂ ಆಗಷ್ಟೇ ಸಾಲ ತೀರಿದವರ ಹಾಗೆ ಮುಗುಳ್ನಗುತ್ತಿದ್ದರು. ಕೌಂಟರಿನ ಹುಡುಗಿ ಮೊದಲು ತೋರಿಸಿದ್ದು ಪಾಠವನ್ನಲ್ಲ, ಸರ್ಟಿಫಿಕೇಟನ್ನು. ಚಿನ್ನದ ಬಣ್ಣದ ಅಂಚು, ಹೆಸರಿನ ಜಾಗ ಖಾಲಿ. ಆಮೇಲೆ ಒಳಗಿನ ಕೋಣೆ. ಅಲ್ಲಿ ಮೇಜಿನ ಮೇಲೆ ತಲೆಯಿಲ್ಲದ, ಕೈಕಾಲಿಲ್ಲದ ಒಂದು ರಬ್ಬರ್ ಬೆನ್ನು ಬೋರಲು ಬಿದ್ದಿತ್ತು. "ಪ್ರಾಕ್ಟಿಕಲ್ ಎಲ್ಲ ಇದರ ಮೇಲೇ ಮೇಡಂ," ಎಂದಳು ಹುಡುಗಿ.

"ತಪ್ಪು ಒತ್ತಿದ್ರೆ?"

"ಅದು ಏನೂ ಅನ್ನಲ್ಲ ಮೇಡಂ."

ಅವಳಿಗೆ ಆ ಬೆನ್ನಿನ ಮೇಲೆ ಒಮ್ಮೆಲೇ ಪ್ರೀತಿ ಬಂತು. ಎಂಥ ಗಿರಾಕಿ. ನೋವೆನ್ನುವುದಿಲ್ಲ, ಕನ್ನಡಿ ಕೇಳುವುದಿಲ್ಲ, ತಿರುಗಿ ನೋಡುವುದಿಲ್ಲ. ಎರಡು ದಿನ ಉಜ್ಜಿ, ಫ್ರೇಮ್ ಹಾಕಿಸಿ, ನೀಲಿ ದೀಪದ ಕೆಳಗೆ ನಿಂತುಬಿಟ್ಟರಾಯಿತು. ಕೌಂಟರಿಗೆ ವಾಪಸ್ ಬಂದು ಹೆಸರು ಬರೆಸಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಹುಡುಗಿ ತಲೆಯನ್ನು ಒಂದು ಕಡೆಗೆ ಓರೆ ಮಾಡಿ ಅವಳ ಮುಖವನ್ನೇ ನೋಡುತ್ತ, "ನಿಮ್ಮ ಸ್ಕಿನ್ ಚೆನ್ನಾಗಿದೆ ಮೇಡಂ," ಎಂದಳು. ಸ್ವಲ್ಪ ತಡೆದಳು. "ಆದ್ರೆ..."

ಅವಳ ಗಲ್ಲ ತಾನಾಗಿಯೇ ಕೌಂಟರಿನ ಗಾಜಿನ ಕಡೆಗೆ ಚಾಚಿಕೊಂಡಿತು. ಚಾಚಿದ ಮೇಲೆ ತಿಳಿಯಿತು. ಇದು ಅವಳದೇ ವಿದ್ಯೆ. ಪಾರ್ಲರಿಗೆ ಸೇರಿದ ಹೊಸತರಲ್ಲಿ ಮೇಡಂ ದಾರ ಹಿಡಿಯುವುದಕ್ಕೂ ಮೊದಲು ಕಲಿಸಿದ್ದು ಇದನ್ನು: ಕನ್ನಡಿ ಎದುರು ಕೂತವಳಿಗೆ ಚೆನ್ನಾಗಿದೆ ಅನ್ನು, ಒಂದು ಉಸಿರು ನಿಲ್ಲಿಸು, ಆಮೇಲೆ ಆದ್ರೆ ಅನ್ನು. ಆ ಒಂದು ಉಸಿರಿನಲ್ಲಿ ಗಿರಾಕಿ ತಾನಾಗಿಯೇ ಕನ್ನಡಿಗೆ ಮುಖ ಒಡ್ಡುತ್ತಾಳೆ, ಉಳಿದದ್ದನ್ನು ಅವಳೇ ಹುಡುಕಿಕೊಳ್ಳುತ್ತಾಳೆ. ಬರೀ ಹುಬ್ಬಿಗೆಂದು ಬಂದವರು ಈ ಒಂದು ಮಾತಿನಿಂದ ಮೂಗಿನ ಕಪ್ಪು, ಕತ್ತಿನ ಕಪ್ಪು, ಮೊಣಕೈ ಕಪ್ಪು ಎಂದು ಇಡೀ ಮೈಯನ್ನೇ ಒಪ್ಪಿಸಿ ಹೋಗುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕೋಳು ಎಂದು ಗಂಡ ಅನ್ನುತ್ತಿದ್ದುದು ಬೈಗುಳವೇನಲ್ಲ, ಅವಳ ಹುದ್ದೆಯ ಹೆಸರು. ಮಗಳು ಆಗಿನ್ನೂ ಸ್ಕೂಲಿನಲ್ಲಿದ್ದಾಗ, ಯಾವುದೋ ಬಹುಮಾನ ಹಿಡಿದು ಬಂದ ಫೋಟೋ ನೋಡಿ, "ಚೆನ್ನಾಗಿ ಬಂದಿದೆ ಪುಟ್ಟಿ, ಆದ್ರೆ ಹುಬ್ಬು ಎರಡೂ ಸೇರ್ಕೊಂಡಿದೆ," ಎಂದಿದ್ದಳು. ಅಂದೇ ಸಂಜೆ ದಾರ ಹಾಕಿದ್ದಳು. ಆಮೇಲೆ ಒಂದಾದ ಮೇಲೊಂದು. ಈಗ ಕಾಲೇಜಿಗೆ ಹೋಗುವ ಮಗಳು, ಅಮ್ಮನ ಕೈ ಹತ್ತಿರ ಬಂದರೆ ಸಾಕು, ಒಲೆಯ ಬಿಸಿ ತಾಗಿದಂತೆ ಮುಖ ಹಿಂದಕ್ಕೆ ತೆಗೆಯುತ್ತಿದ್ದಳು. ಹೋದ ತಿಂಗಳು ಹೊಸ ಬಟ್ಟೆ ಹಾಕಿಕೊಂಡು ಬಂದು ನಿಂತಾಗ, "ಚೆನ್ನಾಗಿ ಕಾಣ್ತೀಯ, ಆದ್ರೆ ಮೇಲ್ದುಟಿ ಮೇಲೆ ಮೀಸೆ ಬಂದಿದೆ ನೋಡು," ಎಂದದ್ದೂ ನೆನಪಾಯಿತು. ಆಮೇಲಿಂದ ಮಗಳು ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹುಡುಗಿಗೆ ನಯವಿನಯ ಬಂತು ಎಂದುಕೊಂಡಿದ್ದಳು.

"ಆದ್ರೆ ಏನು?" ಎಂದು ಕೇಳಿಯೇಬಿಟ್ಟಳು, ಕೇಳಬಾರದೆಂದು ಗೊತ್ತಿದ್ದೂ.

"ಸ್ವಲ್ಪ ವಯಸ್ಸು ಕಾಣ್ತಿದೆ ಮೇಡಂ. ಮಸಾಜ್ ಜೊತೆ ಫೇಶಿಯಲ್ ಕೋರ್ಸೂ ತಗೊಂಡ್ರೆ ನಿಮಗೇ ಉಪಯೋಗ." ಆಮೇಲೆ ಬರ್ತೀನಿ ಎಂದು ಹೊರಟವಳಿಗೆ ಹುಡುಗಿ ಹಿಂದಿನಿಂದ, ನಾಳೆ ಮಧ್ಯಾಹ್ನದವರೆಗೆ ಸೀಟು ಹಿಡಿದಿಡ್ತೀನಿ ಎಂದು ಕೂಗಿ ಹೇಳಿದಳು. ಮೆಟ್ಟಿಲಿಳಿಯುವಾಗ ಅವಳಿಗೆ ಆ ಹುಡುಗಿಯ ಮೇಲೆ ಸಿಟ್ಟು ಬಂದದ್ದಕ್ಕಿಂತ, ತನ್ನ ಗಲ್ಲದ ಮೇಲೆ ಹೆಚ್ಚು ಬಂತು.

ಎರಡನೆಯ ಜಾಗದಲ್ಲಿ ಹಿಂದಕ್ಕೆ ಪುಟ್ಟ ಜುಟ್ಟು ಕಟ್ಟಿದ ಒಬ್ಬ ಮಾಸ್ಟರ್ ಇದ್ದ. ಪಾದ ಸವರಿ ಸವರಿ ನಡೆಯುವವನು, ಮಾತೂ ಹಾಗೇ. ಅಲ್ಲಿ ಆರು ದೇಶಗಳ ಆರು ಥರದ ಮಸಾಜ್. ಒಂದು ದೇಶದವರು ತಟ್ಟುತ್ತಾರಂತೆ, ಒಂದು ದೇಶದವರು ಹಿಂಡುತ್ತಾರಂತೆ, ಯಾವುದೋ ದ್ವೀಪದವರು ಮೊಣಕೈಯಲ್ಲಿ ತಿಕ್ಕುತ್ತಾರಂತೆ. ಆರೂ ದೇಶಕ್ಕೆ ಎಣ್ಣೆ ಮಾತ್ರ ಮೂಲೆಯಲ್ಲಿದ್ದ ಒಂದೇ ಕ್ಯಾನಿನದು. ಹಿಂದಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಕರಿ ಕಲ್ಲುಗಳು ಬೇಯುತ್ತಿದ್ದವು. "ಕಲ್ಲಿಗೂ ಒಂದು ಮನಸ್ಸಿದೆ, ಅದು ನಿಮ್ಮ ನೋವು ಕೇಳಿಸ್ಕೊಳ್ಳುತ್ತೆ," ಎಂದು ಮಾಸ್ಟರ್ ಹೇಳುತ್ತಿದ್ದ ಹಾಗೇ ಕಲಿಯುವ ಹೆಂಗಸೊಬ್ಬಳು ಮನಸ್ಸಿರುವ ಆ ಕಲ್ಲನ್ನು ಮುಟ್ಟಿ, ಬೆರಳು ಬಾಯಲ್ಲಿಟ್ಟುಕೊಂಡು ಕುಣಿದಳು. ದೇಶವೊಂದಕ್ಕೆ ಎರಡು ತಿಂಗಳು. ಅಷ್ಟೂ ದೇಶ ಸುತ್ತಿ ಬರುವುದರೊಳಗೆ ಮೇಡಂ ಹೂದಾನಿ ಕೊಂಡು ತಂದಿರುತ್ತಾರೆ. ಅವಳು ನಮಸ್ಕಾರ ಹೇಳಿ ಹೊರಬಿದ್ದಳು.

ಮೂರನೆಯದು ಓಣಿಯ ಕೊನೆಯ ಮನೆಯ ಮುಂಗೋಣೆ. ಬೋರ್ಡೂ ಇರಲಿಲ್ಲ. ಗಿಡ್ಡ ಉಗುರಿನ, ದಪ್ಪ ತೋಳಿನ ಹೆಂಗಸೊಬ್ಬಳು ಮಲಗಿದ್ದವಳ ಭುಜ ಒತ್ತುತ್ತ, ತಿರುಗದೆಯೇ, "ಕೂತ್ಕೊಳ್ಳಿ, ಈಗ ಕೈ ತೆಗೆಯೋ ಹಾಗಿಲ್ಲ," ಎಂದಳು. ಸುತ್ತ ನಿಂತು ನೋಡುತ್ತಿದ್ದ ನಾಲ್ಕಾರು ಜನ ಅವಳನ್ನು ಟೀಚರ್ ಎನ್ನುತ್ತಿದ್ದರು. ಟೀಚರ್ ಎಣ್ಣೆಗೆ ಒಂದು ಕೈ ಚಾಚಿದರೆ ಇನ್ನೊಂದು ಭುಜದ ಮೇಲೇ ಇರುತ್ತಿತ್ತು. ಫೋನು ಬಡಿದುಕೊಂಡಿತು, ಬಾಗಿಲಲ್ಲಿ ಯಾರೋ ಕರೆದರು, ಟೀಚರ್ ಕೈ ತೆಗೆಯಲಿಲ್ಲ. ಒಂದು ಸಲ ಇಟ್ಟ ಮೇಲೆ ಮುಗಿಯುವ ತನಕ ಒಂದು ಕೈಯಾದರೂ ಮೈಮೇಲೆ ಇರಲೇಬೇಕು, ತೆಗೆದರೆ ಮಲಗಿದವರಿಗೆ ಮೆಟ್ಟಿಲು ತಪ್ಪಿದ ಹಾಗಾಗುತ್ತದಂತೆ. ಇಷ್ಟೆಲ್ಲ ಶಾಸ್ತ್ರ ಯಾಕೆ, ಒತ್ತುವುದು ತಾನೇ ಎಂದುಕೊಳ್ಳುತ್ತಿರುವಾಗ ಟೀಚರ್ ಕೆಲಸ ಮುಗಿಸಿ ಬಂದು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತು, "ನನ್ನ ಕತ್ತಿನ ಮೇಲೆ ಕೈ ಇಡಿ," ಎಂದಳು.

ಇಟ್ಟಳು. ಬೆರಳಿಗೆ ತಕ್ಷಣ ಒಂದು ಗಂಟು ಸಿಕ್ಕಿತು. "ಕತ್ತು ಚೆನ್ನಾಗಿದೆ ಟೀಚರ್, ಆದ್ರೆ ಇಲ್ಲೊಂದು ನರಹುಲಿ ಇದೆಯಲ್ಲ, ದಾರ ಕಟ್ಟಿದ್ರೆ ಉದುರಿಹೋಗುತ್ತೆ," ಎಂದಳು. ಅವಳ ಬಾಯಿ ಅವಳನ್ನು ಕೇಳಿ ಮಾತಾಡಿದ್ದಲ್ಲ. ಸುತ್ತ ನಿಂತವರಲ್ಲಿ ಒಬ್ಬಳು ಕಿಸಕ್ಕೆಂದಳು.

"ಕೈ ಇಟ್ಟು ಉಸಿರು ಎಳೆಯೋ ಮೊದಲೇ ಒಂದು ಹಿಡಿದುಬಿಟ್ರಿ," ಎಂದಳು ಟೀಚರ್, ಬೇಸರವಿಲ್ಲದೆ. "ನಿಮ್ಮದು ಪೊಲೀಸ್ ಕೈ. ಜೇಬು ತಡಕುತ್ತೆ. ನಮ್ಮಲ್ಲಿ ಮೂರು ತಿಂಗಳು. ಸೇರಿಸ್ಕೊಳ್ಳೋ ಮೊದಲು ಒಂದು ಪದ್ಧತಿ ಇದೆ. ನಿಮ್ಮ ಮನೆಯಿಂದ ಒಬ್ಬರನ್ನ ಕರ್ಕೊಂಡು ಬರ್ಬೇಕು. ಹೆಂಗಸರೇ ಆಗ್ಬೇಕು, ನಿಮ್ಮ ಕೈ ದಿನಾ ನೋಡಿರೋರೇ ಆಗ್ಬೇಕು. ನಿಮ್ಮ ಕೈ ಕೆಳಗೆ ಅರ್ಧ ಗಂಟೆ ಇಷ್ಟಪಟ್ಟು ಕೂತಿದ್ರೆ ಸೀಟು. ಇದ್ದಾರಾ ಯಾರಾದ್ರೂ?"

"ಮಗಳಿದ್ದಾಳೆ," ಎಂದಳು ಥಟ್ಟನೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ನನ್ನ ಕೈ ಅಂದ್ರೆ ಅವಳಿಗೆ ಜೀವ."

"ಒಳ್ಳೇದು. ನಾಳೆ ಬೆಳಿಗ್ಗೆ ಬನ್ನಿ. ಹೀಗೆ ಹೇಳಿ ಹೋದವರು ಎಷ್ಟೋ ಜನ ವಾಪಸ್ ಬಂದಿಲ್ಲ," ಎಂದಳು ಟೀಚರ್.

ಬುದ್ಧಿಯಿದ್ದವಳಾಗಿದ್ದರೆ ನೇರ ರಬ್ಬರ್ ಬೆನ್ನಿನ ಕಡೆಗೆ ಹೋಗುತ್ತಿದ್ದಳು. ಹೋಗಿಯೂ ಹೋದಳು, ಚಪ್ಪಲಿ ಅಂಗಡಿಯ ತನಕ. ಮೇಲೆ ಹತ್ತಲು ಕಾಲು ಬರಲಿಲ್ಲ. ಫ್ರೇಮೇನೋ ಗೋಡೆಯ ಮೇಲೆ ಇರುತ್ತದೆ, ಆದರೆ ತಡಕುವ ಕೈಯ ಕೆಳಗೆ ಯಾವ ಗಿರಾಕಿ ಎರಡನೇ ಸಲ ಬಂದು ಮಲಗುತ್ತಾಳೆ? ನೀಲಿ ದೀಪ ನಾಲ್ಕು ತಿಂಗಳು ಉರಿಯುತ್ತದೆ, ಆಮೇಲೆ ಮತ್ತೆ ಅದೇ ಹೂದಾನಿ. ಮಗಳು ನಾಳೆ ಬಂದರೆ ಟೀಚರ್, ಬರದಿದ್ದರೆ ರಬ್ಬರ್. ಅಷ್ಟು ಸಲೀಸಾಗಿ ಲೆಕ್ಕ ಹಾಕಿಕೊಂಡವಳ ನಡಿಗೆ ಮನೆಯ ಬೀದಿ ಹತ್ತಿರವಾದಂತೆ ನಿಧಾನವಾಯಿತು. ಸ್ವಂತ ಮಗಳನ್ನು, ತಾನೇ ಹೆತ್ತು ಎಣ್ಣೆ ಹಚ್ಚಿ ನೀರೆರೆದ ಕೂಸನ್ನು, ನನ್ನ ಕೈಗೆ ಕತ್ತು ಕೊಡ್ತೀಯಾ ಎಂದು ಕೇಳಲು ಹೆದರಿಕೆಯಾಗುತ್ತಿತ್ತು. ಮೈಮುಟ್ಟಿದರೆ ನಗುತ್ತಿದ್ದ ಆ ಕೂಸು ಯಾವಾಗ ಹಿಂದೆ ಸರಿಯಲು ಕಲಿಯಿತೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಸುಳ್ಳು.

ಮಗಳು ಊಟದ ಮೇಜಿನ ಮುಂದೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಗಂಡ ಇನ್ನೂ ಬಂದಿರಲಿಲ್ಲ, ಎಲ್ಲೋ ಒಂದು ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆಯೆಂದು ಫೋನು ಮಾಡಿದ್ದನಂತೆ.

"ಪುಟ್ಟಿ, ನಾಳೆ ಬೆಳಿಗ್ಗೆ ನನ್ನ ಜೊತೆ ಒಂದು ಕಡೆ ಬರ್ತೀಯಾ?"

"ಯಾಕೆ? ನನ್ನ ಮುಖಕ್ಕೆ ಏನಾದ್ರೂ ಮಾಡಿಸೋದಾ?"

"ಮುಖಕ್ಕಲ್ಲ. ಕತ್ತು, ಭುಜ ಅಷ್ಟೆ. ನಾನೇ ಒತ್ತೋದು. ಮಸಾಜ್ ಕೋರ್ಸಿಗೆ ಸೇರ್ಕೋಬೇಕು, ಮನೆಯವರೊಬ್ಬರು ಬೇಕಂತೆ." ಉಳಿದದ್ದನ್ನೂ ಹೇಳಿದಳು, ಇಷ್ಟಪಟ್ಟು ಎಂಬ ಮಾತೊಂದನ್ನು ಬಿಟ್ಟು.

ಮಗಳು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. "ಮೊದಲು ಇಲ್ಲೇ ಮಾಡು, ನೋಡೋಣ. ಆದ್ರೆ ಮಾತಾಡಬಾರದು. ಒಂದು ಮಾತೂ."

"ನಾನೇನು ಅಷ್ಟು ಮಾತಾಡ್ತೀನಾ?"

"ನೋಡು, ಶುರುವಾಯ್ತು."

ಮಗಳು ಮೇಜಿನ ಅಂಚಿಗೆ ದಿಂಬಿಟ್ಟು ಹಣೆ ಊರಿದಳು. ಅವಳು ಕೈ ತೊಳೆದು, ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ತನ್ನ ಬಾಯಿಯ ಮೇಲೆ ನಂಬಿಕೆ ಸಾಲದೆ, ಚೀಲದಿಂದ ದಾರದ ತುಂಡೊಂದನ್ನು ತೆಗೆದು ಹಲ್ಲಿನಲ್ಲಿ ಕಚ್ಚಿದಳು. ದಾರ ಕಚ್ಚಿದರೆ ಬಾಯಿ ಬಿಡಬಾರದೆಂಬುದು ಹಲ್ಲಿಗೆ ಗೊತ್ತಿತ್ತು. ಆಮೇಲೆ ಕೈ ಇಟ್ಟಳು. ಭುಜಗಳು ಕಿವಿಯ ತನಕ ಏರಿ ಕಲ್ಲಾಗಿ ಕೂತಿದ್ದವು. ಒತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡಳು. ಹತ್ತಿರದಿಂದ ಮಗಳ ಕತ್ತು ಅವಳಿಗೆ ಒಂದು ಬಣ್ಣವಾಗಿ ಮಾತ್ರ ಕಾಣುತ್ತಿತ್ತು, ಹಾಲು ಹಾಕಿದ ಚಹಾದ ಬಣ್ಣ. ಕೂದಲಿನ ಬುಡದಲ್ಲಿ ಬೆರಳಿಗೆ ಸಣ್ಣದೊಂದು ಗುಳ್ಳೆ ಸಿಕ್ಕಿತು, ನಾಲಿಗೆ ತಕ್ಷಣ ಎದ್ದಿತು, ದಾರ ಅದನ್ನು ಕೂರಿಸಿತು. ಇನ್ನೊಂದು ಸಿಕ್ಕಿತು. ಅದನ್ನೂ ದಾಟಿದಳು. ದಾಟುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎಡ ಭುಜ ಒಂದಿಷ್ಟು ಇಳಿಯಿತು, ಅದನ್ನು ನೋಡಿ ಬಲದ್ದೂ ಇಳಿಯಿತು. ಅವಳಿಗೆ ಎದೆ ತುಂಬಿ ಬಂತು.

"ಏನಾದ್ರೂ ಇದೆಯಾ ಅಲ್ಲಿ?" ದಿಂಬಿನೊಳಗಿಂದ ಮಗಳ ದನಿ ಬಂತು.

ಹಲ್ಲಿನಲ್ಲಿ ದಾರ. ಅವಳು ಅದನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿದಳು.

"ಹೇಳೋಕೂ ಆಗದಷ್ಟು ಕೆಟ್ಟದಾಗಿದೆ, ಅಲ್ವಾ?" ಅಂಗೈ ಕೆಳಗೆ ಭುಜಗಳು ಮತ್ತೆ ಮೇಲೇರತೊಡಗಿದವು.

ಅವಳು ದಾರ ಉಗುಳಿದಳು. "ಏನೂ ಇಲ್ಲ ಕಣೆ. ಚೆನ್ನಾಗಿದೆ."

ಮಗಳು ಅಲ್ಲಾಡಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾದಳು. ಆಮೇಲೆ ಕೇಳಿದಳು: "ಆದ್ರೆ?"

ಇಪ್ಪತ್ತು ವರ್ಷ ತಾನು ಇತರರ ಮೇಲೆ ಎಸೆದ ಮಾತು ತಿರುಗಿ ಬಂದು ಊಟದ ಮೇಜಿನ ಮೇಲೆ ಕೂತಿತ್ತು. ಆದ್ರೆ ಏನೂ ಇಲ್ಲ ಎಂದರೆ ಈ ಹುಡುಗಿ ನಂಬುವುದಿಲ್ಲ. ಏನಾದರೊಂದು ಕೊಡಲೇಬೇಕು. ಹುಡುಕಿದಳು, ಈ ಸಲ ಮಗಳ ಕತ್ತಿನಲ್ಲಲ್ಲ.

"ಆದ್ರೆ ನಂಗೆ ಕಾಣಿಸ್ತಾ ಇಲ್ಲ."

"ಏನು ಕಾಣಿಸ್ತಾ ಇಲ್ಲ?"

"ಹತ್ತಿರದ್ದು ಯಾವುದೂ. ಒಂದು ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ದಿಂಬಿನಲ್ಲಿ ಲೆಕ್ಕ ನಡೆಯುತ್ತಿರುವುದು ಅವಳ ಅಂಗೈಗೆ ತಿಳಿಯಿತು. "ಹೋದ ತಿಂಗಳು ನಂಗೆ ಮೀಸೆ ಬಂದಿದೆ ಅಂದ್ಯಲ್ಲ," ಎಂದಳು ಮಗಳು.

"ಅಂದೆ."

"ಕಂಡಿತ್ತಾ?"

"ಇಲ್ಲ." ಕೈ ತೆಗೆದು ಅಡುಗೆಮನೆಗೆ ಓಡಿಬಿಡಬೇಕೆನ್ನಿಸಿತು. ಕೈ ತೆಗೆಯುವಂತಿರಲಿಲ್ಲ. "ಅಂದಾಜಿನ ಮೇಲೆ ಅಂದೆ."

"ಅಂದಾಜು," ಎಂದಳು ಮಗಳು, ಹೊಸ ಪದ ಕಲಿತವಳ ಹಾಗೆ. "ಅವತ್ತಿಂದ ನಾನು ಬಾಯಿ ಮುಚ್ಕೊಂಡು ನಗ್ತಿದ್ದೀನಿ, ಗೊತ್ತಾ ನಿಂಗೆ? ಕ್ಲಾಸಲ್ಲಿ ಎಲ್ಲರೂ ಹಲ್ಲು ನೋವಾ ಅಂತ ಕೇಳ್ತಾರೆ."

ಗಿರಾಕಿಗಳನ್ನಾದರೂ ಹೊಟ್ಟೆಪಾಡಿಗೆ ಹೆದರಿಸಿದ್ದು. ಇವಳಿಂದ ಏನು ಬರಬೇಕಿತ್ತು? ಅಭ್ಯಾಸ, ಬರೀ ಅಭ್ಯಾಸ. ಹೇಳಬೇಕಾದ ಮಾತು ಹಲ್ಲಿನ ಹಿಂದೆ ನಿಂತಿತ್ತು, ಈಗ ದಾರವೂ ಇರಲಿಲ್ಲ, ಆದರೂ ಹೊರಗೆ ಬರಲಿಲ್ಲ.

ಮಗಳೇ ಭುಜ ಕೊಡವಿ ಎದ್ದಳು. ಟೀವಿಯ ಮೇಲಿದ್ದ ಅಪ್ಪನ ಓದುವ ಕನ್ನಡಕ ತಂದು, ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಅಮ್ಮನ ಮೂಗಿನ ಮೇಲೆ ಕೂರಿಸಿ, ಮುಖವನ್ನು ಗೇಣಿನಷ್ಟು ಹತ್ತಿರ ತಂದಳು. "ಈಗ ನೋಡು. ಇದೆಯಾ?"

ಒಂದು ವರ್ಷದ ಮೇಲೆ ಮಗಳ ಮುಖ. ಎಡ ಹುಬ್ಬು ಬಲಕ್ಕಿಂತ ತೆಳ್ಳಗಿತ್ತು. ಅದು ಅವಳದೇ ಅಂದಾಜಿನ ಕೆಲಸ. ಗಲ್ಲದಲ್ಲಿ ಹಳೆಯ ಗಾಯದ ಸಣ್ಣ ಗೆರೆ. ಮೇಲ್ದುಟಿಯ ಮೇಲೆ, ದೀಪದ ಬೆಳಕಿಗೆ ಮಾತ್ರ ಕಾಣುವ ನವಿರು ಕೂದಲು.

"ಇದೆ," ಎಂದಳು.

ಮಗಳ ಕೈ ಬಾಯಿಯ ಕಡೆಗೆ ಏಳತೊಡಗಿತು.

"ಎಲ್ಲರಿಗೂ ಇರೋವಷ್ಟೇ ಇದೆ."

ಪಾರ್ಲರಿನಲ್ಲಿ ದಿನಕ್ಕೊಮ್ಮೆ ಈ ಮಾತಾಡಿದ್ದರೂ ಸಾಕಿತ್ತು, ಮೇಡಂ ಎಂದೋ ಬೀಗ ಹಾಕಿಕೊಂಡು ಹೋಗಬೇಕಾಗಿತ್ತು. ಮಗಳ ಕೈ ಅರ್ಧದಲ್ಲೇ ನಿಂತು, ದಾರಿ ತಪ್ಪಿದಂತೆ ಮೂಗು ತುರಿಸಿಕೊಂಡು ಕೆಳಗಿಳಿಯಿತು. ಆಮೇಲೆ ಅವಳು ತಲೆಯನ್ನು ಒಂದು ಕಡೆ ಓರೆ ಮಾಡಿ, ಇನ್ನೊಂದು ಕಡೆ ಓರೆ ಮಾಡಿ, ಅಪ್ಪನ ಕನ್ನಡಕ ಹಾಕಿಕೊಂಡ ಅಮ್ಮನನ್ನು ನಿಧಾನವಾಗಿ ನೋಡಿದಳು. ಹಾಗೆ ನೋಡುವುದನ್ನು ಯಾರಿಂದ ಕಲಿತಳೆಂದು ಕೇಳಬೇಕಾಗಿರಲಿಲ್ಲ.

"ಬರ್ತೀನಿ ನಾಳೆ," ಎಂದಳು. "ಕೈ ಚೆನ್ನಾಗಿದೆ ಅಮ್ಮ." ಒಂದು ಉಸಿರು ನಿಲ್ಲಿಸಿದಳು. "ಆದ್ರೆ..."

ಅವಳ ಗಲ್ಲ ತಾನಾಗಿಯೇ ಮುಂದೆ ಬಂತು.

"ಆದ್ರೆ ಕನ್ನಡಕ ಹಾಕ್ಕೊಂಡೇ ಇರ್ಬೇಕು. ಟೀಚರ್ ಎದುರಿಗೂ. ಪಾರ್ಲರಲ್ಲೂ."

ಅವಳು ಜಾರುತ್ತಿದ್ದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡಳು. ಆಮೇಲೆ ಹೂಂ ಎಂದಳು. ಮೇಡಂ ಕೊಡಲಿರುವ ಹೂದಾನಿಯನ್ನು ಎಲ್ಲಿಡುವುದೆಂದು ಆ ಕನ್ನಡಕದಲ್ಲೇ ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು. ಟೀವಿಯ ಪಕ್ಕ ಜಾಗವಿತ್ತು.